ಇಂಡಿ ಐನೂರು ಕಿಲೋಮೀಟರ್

ನಮ್ಮ ಸೋದರಮಾವನಷ್ಟು ಪುಕ್ಕಲು ಡ್ರೈವರು ಆಗಿನ ವಿಜಾಪುರ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ. ಇದ್ದಿದ್ದರೆ, ಅವರಿಬ್ಬರೂ ಎದುರುಬದುರಾದ ದಿನ "ನೀವು ಹೋಗ್ರಿ", "ಇಲ್ರಿ, ಮೊದಲ ನೀವು ಹೋಗ್ರಿ" ಎಂದು ದಾರಿ ಬಿಟ್ಟುಕೊಡುತ್ತ ಇವತ್ತಿಗೂ ಹೊರ್ತಿ ರಸ್ತೆಯ ಮೇಲೇ ನಿಂತಿರುತ್ತಿದ್ದರು! ಮಾಮಾನ ಪುಕ್ಕಲುತನದ ಖ್ಯಾತಿ ಸಿಂದಗಿ ದಾಟಿ, ಬಸವನ ಬಾಗೇವಾಡಿ ದಾಟಿ, ಮುದ್ದೇಬಿಹಾಳದವರೆಗೂ ಹಬ್ಬಿತ್ತು. ಅವನು ಮಾತ್ರ ನಾನು ಕಂಡ ಮೂರು ವರ್ಷಗಳಲ್ಲಿ ಒಂದು ಸಲವೂ ಇಂಡಿ ದಾಟಿ ಆಚೆಗೆ ಗಾಡಿ ಓಡಿಸಿದವನಲ್ಲ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಮಾಮಾನದು ಹೊರ್ತಿಯಿಂದ ಇಂಡಿಗೆ ಜನರನ್ನು ಸಾಗಿಸುವ ಹಳೆಯ ಜೀಪು. ನಾನು ಇಂಡಿಯ ಶಾಲೆಯೊಂದರಲ್ಲಿ ಅಕ್ಕೋರು. ಶಿಕ್ಷಕಿಯರನ್ನು ನಮ್ಮ ಕಡೆ ಹಾಗೇ ಕರೆಯುವುದು. ಇರುತ್ತಿದ್ದುದು ಹೊರ್ತಿಯ ಮಾಮಾನ ಮನೆಯಲ್ಲಿ. ಹೀಗಾಗಿ ದಿನಾ ಎರಡು ಹೊತ್ತು ಅವನ ಜೀಪೇ ನನಗೆ ಗತಿ. ಹತ್ತು ಮೈಲಿ ವೇಗದಲ್ಲಿ ತೆವಳುವ ಜೀಪಿನಲ್ಲಿ ಹೆದರುವುದಕ್ಕೆ ಏನಿದೆ ಎನ್ನುತ್ತೀರಾ? ಕುಳಿತು ನೋಡಬೇಕಿತ್ತು! ಓಡಿಸುವವನೇ ಬಾವಿಗೆ ಇಳಿಯುವವನು ಹಗ್ಗ ಹಿಡಿದ ಹಾಗೆ ಸ್ಟೇರಿಂಗ್ ಹಿಡಿದು, ಹಣೆಯ ಬೆವರು ಮೂಗಿನ ತುದಿಗಿಳಿಸಿಕೊಂಡು, "ಬಸವಣ್ಣಾ, ಬಸವಣ್ಣಾ" ಎಂದು ಗೊಣಗುತ್ತಿದ್ದರೆ ಕುಳಿತವರ ಗತಿ ಏನು? ಹೆದರಿಕೆ ಕಜ್ಜಿಯ ಹಾಗೆ, ಒಬ್ಬರಿಂದ ಇನ್ನೊಬ್ಬರಿಗೆ ಅಂಟುತ್ತದೆ. ಹೊರ್ತಿಯಲ್ಲಿ ಧೈರ್ಯವಾಗಿ ಹತ್ತಿದ ಪೈಲವಾನರೂ ಇಂಡಿಯಲ್ಲಿ ಇಳಿಯುವಾಗ ಕುಲದೇವರಿಗೆ ಹರಕೆ ಹೊತ್ತಿರುತ್ತಿದ್ದರು.

"ಮೊದಲ ಹಿಂಗ ಇರಲಿಲ್ಲವ್ವಾ ನಿಮ್ಮ ಮಾಮಾ," ಎನ್ನುತ್ತಿದ್ದಳು ಅತ್ತೆ. "ವಯಸ್ಸಾಗಾಕತ್ತೈತಿ ನೋಡು, ಜೀವದ ಮ್ಯಾಲ ಆಸೆ ಹೆಚ್ಚಾಗೇತಿ."

ಜೀವದ ಮೇಲಿನ ಆಸೆಯೋ ಏನೋ, ನಿಂಬೆಹಣ್ಣಿನ ಮೇಲಂತೂ ಅವನಿಗೆ ವಿಪರೀತ ನಂಬಿಕೆ. ಉಳಿದ ಡ್ರೈವರುಗಳು ಅಮಾವಾಸ್ಯೆಗೊಮ್ಮೆ ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಡುತ್ತಿದ್ದರು. ಮಾಮಾ ದಿನಾ ಇಡುತ್ತಿದ್ದ, ಅದೂ ಐದು! ಎಡಗಡೆಯ ಮುಂದಿನ ಗಾಲಿಗೆ ಎರಡು.

"ಗಾಲಿ ಇರೂವು ನಾಕ ಅಲ್ಲೇನು ಮಾಮಾ?" ಎಂದು ಕೇಳಿದ್ದೆ.

"ಎಡಗಾಲಿ ಭಾಳ ಹಟಮಾರಿ ಐತವ್ವಾ. ಅದಕ್ಕೊಂದು ಹೆಚ್ಚಿಗಿ ಇರಲಿ."

ಇಂಡಿಯಂಥ ನಿಂಬೆಯ ಸೀಮೆಯಲ್ಲಿ ಹುಟ್ಟಿದ್ದಕ್ಕೆ ಸರಿಹೋಯಿತು. ಬೇರೆ ಊರಲ್ಲಾಗಿದ್ದರೆ ಅವನ ಹೆದರಿಕೆಯ ಖರ್ಚು ಅವನ ಕೈಗೆ ನಿಲುಕುತ್ತಿರಲಿಲ್ಲ.

ಇನ್ನು ಹಾರ್ನು. ದನಕ್ಕೆ ಹಾರ್ನು, ಜನಕ್ಕೆ ಹಾರ್ನು, ರಸ್ತೆಯಂಚಿನ ಮೈಲಿಗಲ್ಲಿಗೂ ಹಾರ್ನು! ಅದು ಎದ್ದು ಪಕ್ಕಕ್ಕೆ ಸರಿಯುವವರೆಗೆ ಬಿಡುವುದಿಲ್ಲವೇನೋ ಎನ್ನುವ ಹಾಗೆ ಬಾರಿಸುತ್ತಿದ್ದ. ಒಮ್ಮೆ ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ಹೋಗುತ್ತಿದ್ದ ಮುದುಕಿಯೊಬ್ಬಳ ಪಕ್ಕ ಜೀಪು ನಿಲ್ಲಿಸಿ, "ಹತ್ತ ಆಯಿ, ಇಂಡಿಗೆ ಬಿಡ್ತೇನಿ" ಎಂದ. ಆಕೆ ಜೀಪನ್ನೂ ಅವನನ್ನೂ ನೋಡಿ, "ಬ್ಯಾಡಪಾ. ಲಗೂ ಹೋಗಬೇಕಾಗೇತಿ, ನಡಕೊಂತ ಹೋಗ್ತೇನಿ" ಎಂದಳು. ಹೋದಳು ಕೂಡ. ನಾವು ಇಂಡಿ ಮುಟ್ಟಿದಾಗ ಆಕೆ ಮೊಸರು ಮಾರಿ ಖಾಲಿ ಗಡಿಗೆ ತೊಳೆಯುತ್ತಿದ್ದಳು!

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅವನ ಪರೀಕ್ಷೆ. ಮುಂದಿನ ಎಡಗಡೆಯ ಸೀಟು ನನಗೇ ಮೀಸಲು. ಊರ ಗೌಡರು ಬಂದರೂ ಅವರು ಹಿಂದೆ, ನಾನು ಮುಂದೆ. ಅಕ್ಕೋರಿಗೆ ಎಂಥ ಮರ್ಯಾದೆ ಎಂದು ನಾನು ಮೊದಮೊದಲು ಉಬ್ಬಿದ್ದೆ. ಗಾಡಿ ಚಾಲೂ ಆದದ್ದೇ ತಡ, ಪ್ರಶ್ನೆಗಳು ಚಾಲೂ.

"ಅಕ್ಕೋರ, ಎಡಕ್ಕ ಏನೈತಿ?"

"ಬನ್ನಿಗಿಡ."

"ಮುಂದ?"

"ಎಮ್ಮಿ."

"ಎಷ್ಟದಾವು?"

"ಮೂರು."

"ಮಾರಿ ಯಾ ಕಡೆ ಮಾಡ್ಯಾವು?"

"ಹೊಲದ ಕಡೆ."

"ಹಂಗಾದ್ರ ಹೋಗೂಣು."

ಹೊರ್ತಿಯಿಂದ ಇಂಡಿಯವರೆಗೆ ಹೀಗೆ! ಶಾಲೆಯಲ್ಲಿ ನಾನು ಮಕ್ಕಳಿಗೆ ಕೇಳುವ ಪ್ರಶ್ನೆಗಳಿಗೆಲ್ಲ ದೇವರು ದಾರಿಯಲ್ಲೇ ಸೇಡು ತೀರಿಸಿಕೊಳ್ಳುತ್ತಿದ್ದ. ಒಂದು ದಿನ ಕಣ್ಣು ಎಳೆದು ತೂಕಡಿಸಿಬಿಟ್ಟೆ. ಎಚ್ಚರಾದಾಗ ಜೀಪು ನಡುರಸ್ತೆಯಲ್ಲಿ ನಿಂತಿದೆ. ಹಿಂದಿನವರೆಲ್ಲ ಬಾಯಿಗೆ ಬಂದದ್ದು ಅನ್ನುತ್ತಿದ್ದಾರೆ. ಮಾಮಾ ಕೈಕಟ್ಟಿ ಕುಳಿತಿದ್ದಾನೆ. "ಅಕ್ಕೋರು ಎಚ್ಚರಾಗ್ಲಿ, ಆಮ್ಯಾಲ ಹೋಗೂಣು" ಎನ್ನುವುದೊಂದೇ ಅವನ ಉತ್ತರ.

ಆ ದಿನ ಶಾಲೆಗೆ ತಡವಾಗಿ, ಹೆಡ್‌ಮಾಸ್ತರರು ಮಕ್ಕಳೆದುರೇ ನನ್ನ ಮಾನ ಕಳೆದರು. ಮರುದಿನ ನಾನು ಜೀಪು ಹತ್ತಿದವಳೇ ಬಾಯಿಗೆ ಬೀಗ ಹಾಕಿದೆ.

"ಎಡಕ್ಕ ಏನೈತಿ?" ನಾನು ಮಾತಾಡಲಿಲ್ಲ. "ಯವ್ವಾ, ಒಂದ ಮಾತು ಹೇಳ." ಊಹೂಂ! ಅವನು ನಿಲ್ಲಿಸಹೋದ. ಹಿಂದಿನವರು "ಮತ್ತ ನಿಂದ್ರಸಬ್ಯಾಡ್ರಿ, ನಡೀರಿ!" ಎಂದು ಹುಯ್ಯಲಿಟ್ಟರು. ಜೀಪು ಮುಂದೆ ಹೋಯಿತು. ನಾನು ಬೇಕೆಂದೇ ಬಲಗಡೆಯ ಹೊಲ ನೋಡುತ್ತ ಕುಳಿತಿದ್ದೆ.

ಚರ್ ಎಂದು ಸದ್ದಾಯಿತು. ಎಡಗಡೆ ಜೋಳದ ಕಣಿಕೆ ತುಂಬಿದ ಎತ್ತಿನ ಚಕ್ಕಡಿಯೊಂದು ಹೋಗುತ್ತಿತ್ತು. ಅದರ ಗೂಟ ಸಿಕ್ಕಿ ಜೀಪಿಗೆ ಹೊದಿಸಿದ್ದ ತಾಡಪಾಲು ಈ ತುದಿಯಿಂದ ಆ ತುದಿಗೆ ಹರಿಯಿತು. ಚಕ್ಕಡಿಯ ಪಕ್ಕದಲ್ಲಿ ನಡೆಯುತ್ತಿದ್ದ ರೈತ ಗಟಾರಕ್ಕೆ ಜಿಗಿದು ಬದುಕಿಕೊಂಡ. ಒಂದು ಗೇಣು, ಒಂದೇ ಗೇಣು ಈಚೆಗಿದ್ದರೆ! ಮಾಮಾ ಇಳಿದು ಆ ರೈತನ ಕೈಕಾಲು ಮುಟ್ಟಿಮುಟ್ಟಿ ನೋಡಿದ. ಆಮೇಲೆ ಮೈಲಿಗಲ್ಲಿನ ಮೇಲೆ ಕುಸಿದು ಕುಳಿತ. 

"ನಂದ ತಪ್ಪು ಮಾಮಾ," ಎಂದೆ.

"ನಿಂದಲ್ಲವ್ವಾ. ನಂದು."

ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮರುದಿನದಿಂದಲೇ ಎಡಗಡೆಯ ಓತಿಕ್ಯಾತವನ್ನೂ ಬಿಡದೆ ವರದಿ ಒಪ್ಪಿಸತೊಡಗಿದೆ.

ಹೀಗಿರುವಾಗ ಇಂಡಿಯ ನಿಂಬೆಹಣ್ಣಿನ ಸಾಹುಕಾರರೊಬ್ಬರ ಮನೆಗೆ ಅವರ ಅಳಿಯ ಬಂದ. ಹಡಗಿನ ಮೇಲೆ ಕೆಲಸ, ದೇಶ ದೇಶ ತಿರುಗುವವನು. ಸಾಹುಕಾರರ ಮನೆಯಲ್ಲಿ ಟೀವಿ ಇತ್ತು. ಅದರಲ್ಲಿ ಚಿತ್ರಕ್ಕಿಂತ ಹಿಟ್ಟು ಜರಡಿ ಹಿಡಿದ ಹಾಗೆ ಬಿಳಿ ಚುಕ್ಕೆಗಳೇ ಹೆಚ್ಚು. ಅಳಿಯ ಆ ಟೀವಿಗೆ ಸಿಕ್ಕಿಸಿ ಆಡುವ ಮೋಟಾರಿನ ಆಟವೊಂದನ್ನು ತಂದಿದ್ದಾನೆ, ಟೀವಿಯೊಳಗೆ ಗಾಡಿ ಓಡಿಸಬಹುದು ಎಂಬ ಸುದ್ದಿ ಹಬ್ಬಿತು. ರವಿವಾರ ಮಧ್ಯಾಹ್ನ ಸಂತೆಯ ಜನರನ್ನು ತಂದು ಇಳಿಸಿದ್ದ ಮಾಮಾನನ್ನು ಸಾಹುಕಾರರು ಕರೆಸಿದರು. ಸಂತೆಗೆಂದು ಬಂದಿದ್ದ ನಾನೂ ಜೊತೆಗೆ ಹೋದೆ.

ಮಾಮಾನಿಗೆ ಇಂಗ್ಲಿಷ್ ಬರುತ್ತಿದ್ದುದು ಮೈಲಿಗಲ್ಲಿನ ಮೇಲೆ ಇರುವಷ್ಟೇ. ಆಟದ ಡಬ್ಬಿಯನ್ನು ಕೈಗೆತ್ತಿಕೊಂಡು, ಮೋರೆ ಓರೆ ಮಾಡಿ ಓದಿದ. "ಇಂಡಿ. ಐನೂರು." ಒಮ್ಮೆಲೇ ಅವನ ಬಾಯಿ ಒಣಗಿತು. "ಅಬಬಾ! ಇಂಡಿ ಇನ್ನ ಐನೂರ ಕಿಲೋಮೀಟರ್ ಐತಿ!"

"ಅದು ಅಮೇರಿಕಾದ ಒಂದು ರೇಸಿನ ಹೆಸರ್ರಿ," ಎಂದ ಅಳಿಯ.

"ನಮ್ಮೂರ ಹೆಸರು ಅಮೇರಿಕಾಕ್ಕ ಹೆಂಗ ಹೋತು?" ಎಂದರು ಸಾಹುಕಾರರು.

"ನಿಂಬಿಹಣ್ಣಿನ ಚೀಲದ ಮ್ಯಾಲಿಂದ ಹೋಗಿರಬೇಕ್ರಿ," ಎಂದ ಮಾಮಾ. ಡಬ್ಬಿಯ ಮೇಲಿನ ಇಂಗ್ಲಿಷ್ ಹೆಸರಿನ ತುದಿಗೆ ಐ ಬದಲು ವೈ ಇದ್ದದ್ದನ್ನು ಕಂಡು ನನ್ನ ಕೈ ಮಾತ್ರ ಕೆಂಪು ಶಾಯಿಯ ಪೆನ್ನಿಗಾಗಿ ತುರಿಸಿತು.

"ಐನೂರು ಕಿಲೋಮೀಟರ್ ಒಬ್ಬನ ಕೈಲೆ ಆಗೂದಿಲ್ಲರೀ. ಇಬ್ಬರು ಡ್ರೈವರ್ ಬೇಕಾಗ್ತಾರ," ಎಂದು ಮಾಮಾ ಹಿಂದೆ ಸರಿದ. ಯಾರೂ ಬಿಡಲಿಲ್ಲ. ಅಳಿಯ ಅವನ ಕೈಗೆ ರೇಡಿಯೊದ ಕಿವಿಯಂಥ ತಿರುಪಿರುವ ಪೆಟ್ಟಿಗೆ ಕೊಟ್ಟ. ತಿರುಪು ಸ್ಟೇರಿಂಗು, ಪಕ್ಕದ ಕೆಂಪು ಗುಂಡಿ ಒತ್ತಿದರೆ ಓಟ.

"ಬ್ರೇಕ್ ಎಲ್ಲೈತ್ರಿ?"

"ಇದರಾಗ ಬ್ರೇಕ್ ಇಲ್ರಿ. ಬರೇ ಓಡಸೂದು."

ಮಾಮಾ ಪೆಟ್ಟಿಗೆಯನ್ನು ಹಾವು ಬಿಟ್ಟ ಹಾಗೆ ಕೆಳಗೆ ಬಿಟ್ಟ. "ಬ್ರೇಕ್ ಇಲ್ಲದ ಗಾಡಿ ಮಾಡಿದವ ಯಾವನರೀ? ಮೊದಲ ಅವನ ಲೈಸನ್ ಕಸ್ಗೋರಿ!" ಹಾರ್ನೂ ಇಲ್ಲವೆಂದು ತಿಳಿದಾಗಲಂತೂ ಎದ್ದೇಬಿಟ್ಟ. ಕೊನೆಗೆ ಟೀವಿಯ ಮುಂದೆ ಐದು ನಿಂಬೆಹಣ್ಣು ಇಡಿಸಿಯೇ ಕುಳಿತದ್ದು.

ತೆರೆಯ ತುಂಬ ದುಂಡನೆಯ ದಾರಿ. ಅದರ ಮೇಲೆ ಎರಡು ಪುಟ್ಟ ಗಾಡಿಗಳು, ಒಂದು ಅಳಿಯನದು, ಒಂದು ಮಾಮಾನದು. ಶುರುವಾದದ್ದೇ ತಡ, ಅಳಿಯನ ಗಾಡಿ ಹುಚ್ಚು ಹೋರಿಯ ಹಾಗೆ ಓಡಿತು. ಮಾಮಾನದು ಅಂಜುತ್ತ ಹೊರಟಿತು. ತೆರೆಯ ಬಲ ಅರ್ಧದಲ್ಲಿ ಎಷ್ಟು ಚೆಂದ ತಿರುಗಿಸಿದ ಅಂತೀರಿ! ಎಡ ಅರ್ಧಕ್ಕೆ ಬಂದಿತು, ನೇರ ಗೋಡೆಗೆ ಬಡಿಯಿತು. ಎಲ್ಲರೂ ಹೋ ಎಂದು ನಕ್ಕರು. "ಬಡದ್ರ ಏನಾಗೂದಿಲ್ರಿ, ಮತ್ತ ಓಡತೈತಿ," ಎಂದ ಅಳಿಯ. ಮತ್ತೆ ಬಲಗಡೆ ಬೆಣ್ಣೆಯ ಹಾಗೆ, ಎಡಗಡೆ ಧಡ್! ಮತ್ತೆ ಬಲಗಡೆ ಸರಿ, ಎಡಗಡೆ ಧಡ್!

"ನನ್ನ ಗಾಡಿ ಎಲ್ಲಿ ಹೋತ್ರಿ?" ಎಂದ ಮಾಮಾ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗಲು ಬಾಯಿ ತೆರೆದೆ. ಗಾಡಿ ತೆರೆಯ ಎಡ ಮೂಲೆಯಲ್ಲಿ, ಅವನ ಮುಂದೆಯೇ ಇತ್ತು.

ತೆರೆದ ಬಾಯಿ ಮುಚ್ಚಿಕೊಂಡೆ. ಮೆಲ್ಲಗೆ ಅವನ ಎಡಕ್ಕೆ ಹೋಗಿ, ಒಂದು ನಿಂಬೆಹಣ್ಣು ಎತ್ತಿ ಅವನ ಮುಖದ ಹತ್ತಿರ ಆಡಿಸಿದೆ. ಅವನು ತಿರುಗಲಿಲ್ಲ. ರೆಪ್ಪೆಯೂ ಅಲುಗಲಿಲ್ಲ.

 ಎಡಗಾಲಿಗೆ ಎರಡು ನಿಂಬೆಹಣ್ಣು, ಮೂರು ಎಮ್ಮೆ, ಚಕ್ಕಡಿ, ಗಟಾರಕ್ಕೆ ಜಿಗಿದ ರೈತ, ಎಲ್ಲ ಒಟ್ಟಿಗೆ ನೆನಪಾದವು. ಹೊರಗೆ ಅಂಗಳದಲ್ಲಿ ಹೊರ್ತಿಗೆ ಹೋಗುವ ಏಳೆಂಟು ಜನ ಆಗಲೇ ಜೀಪಿನಲ್ಲಿ ಕುಳಿತಿದ್ದರು. ಯಾರೋ ಬೇಸತ್ತು ಹಾರ್ನು ಬಾರಿಸುತ್ತಿದ್ದರು. ಅವರನ್ನೆಲ್ಲ ಈಗ ಇವನೇ ಕರೆದೊಯ್ಯಬೇಕು. ಈ ಜನರೆದುರು ಹೇಳಿದರೆ ಮಾಮಾನ ಬದುಕೇ ಹೋಯಿತು. ಹೇಳದಿದ್ದರೆ? ಇಷ್ಟು ವರ್ಷ ಅವನ ಜೀಪಿನಲ್ಲಿ ಪಟ್ಟ ಭಯವೆಲ್ಲ ಆ ಒಂದು ಕ್ಷಣದ ಭಯದ ಮುಂದೆ ಏನೂ ಅಲ್ಲ.

ನನ್ನ ಬಾಯಿಗೆ ಬಂದದ್ದು ರೂಢಿಯ ಮಾತು. "ಮಾಮಾ, ಎಡಕ್ಕ ತಿರುವು ಬಂತು. ಸಾವಕಾಶ. ಗೋಡಿ ಒಂದು ಬೆರಳು ದೂರ ಐತಿ. ಈಗ ಹೊಳ್ಳಸು."

ತಿರುಪಿನ ಮೇಲಿದ್ದ ಅವನ ಕೈ ಒಂದು ಗಳಿಗೆ ನಿಂತಿತು. ನನಗೆ ಗೊತ್ತಾಯಿತೆಂದು ಅವನಿಗೆ ಗೊತ್ತಾಯಿತು.  ಹೊಳ್ಳಿಸಿದ. ಗಾಡಿ ಗೋಡೆ ಮುಟ್ಟದೆ ತಿರುಗಿತು. ಬಲಗಡೆ ಅವನು, ಎಡಗಡೆ ನಾನು. ಒಂದು ಸುತ್ತು, ಎರಡು, ಹತ್ತು. ಅಳಿಯನ ಗಾಡಿ ಯಾವಾಗಲೋ ಗೆದ್ದು ಹೋಗಿತ್ತು. ಆದರೆ ಜನ ಈಗ ನಗುತ್ತಿರಲಿಲ್ಲ, ಎಣಿಸುತ್ತಿದ್ದರು. ಇಪ್ಪತ್ತೈದನೆಯ ಸುತ್ತು ಮುಗಿದಾಗ ಮಾಮಾ ಕೆಂಪು ಗುಂಡಿಯಿಂದ ಬೆರಳು ತೆಗೆದು, ದೊಡ್ಡ ದನಿಯಲ್ಲಿ, "ಇಂಡಿ ಬಂತು. ಎಲ್ಲಾರೂ ಇಳೀರಿ" ಎಂದ.

ಜನ ಚಪ್ಪಾಳೆ ತಟ್ಟಿದರು. ಅವನು ಎದ್ದು ಹಿತ್ತಲ ಕಡೆ ಹೋದ. ನಾನೂ ಹಿಂದೆ ಹೋದೆ.

"ಕಣ್ಣು ಎಂದ ಹೋತು?" ಎಂದೆ.

"ನೀ ನೌಕರಿಗೆ ಬಂದ ವರ್ಷ. ಎಡಗಣ್ಣು ಪೂರಾ ಹೋತು. ಈಗ ಬಲಗಣ್ಣಿನ ಎಡದಂಡಿನೂ ಮಬ್ಬಾಗಾಕತ್ತೈತಿ. ಡಾಕ್ಟರು ಗಾಡಿ ಬಿಡು ಅಂದಿದ್ರು. ಬ್ಯಾರೆ ಕೆಲಸ ಬರೂದಿಲ್ಲವ್ವಾ ನನಗ. ಮೊದಲ ನಾ ಸಿಂದಗಿ ಬಸ್ಸು ಹಿಂದ ಹಾಕತಿದ್ದೆ, ಗೊತ್ತೇನು?"

"ಮತ್ತ ಇಷ್ಟ ಜನರ ಜೀವ? ನನ್ನ ಜೀವ?" ನನಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು.

"ಅದಕ್ಕ ಹತ್ತು ಮೈಲಿ ಮ್ಯಾಲ ಒಮ್ಮಿನೂ ಓಡಸಲಿಲ್ಲ. ದಿನಾ ಸಾಯೂವಷ್ಟು ಅಂಜಕೊಂತ ಓಡಸಿದೆ. ನಿನ್ನ ಅಲ್ಲಿ ಕುಂಡ್ರಿಸ್ಕೊಂಡಿದ್ದು ಯಾಕ? ಅಕ್ಕೋರು ಸುಳ್ಳು ಹೇಳೂದಿಲ್ಲ ಅಂತ." ಜೇಬಿಗೆ ಕೈ ಹಾಕಿದ. "ಆದ್ರ ಅಂಜಿಕಿ ಕಣ್ಣಾಗೂದಿಲ್ಲವ್ವಾ. ಟೀವಿಯೊಳಗಿನ ಗಾಡಿ ಬಡದ್ರ ಮತ್ತ ಓಡತೈತಿ. ಆ ಚಕ್ಕಡಿ ಮನಶ್ಯಾ ಓಡತಿದ್ದನೇನು?"

ಜೀಪಿನ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ತಾನೇ ಮಡಚಿದ.

ಅಂಗಳದಲ್ಲಿ ಜನರಿಗೆ "ಗಾಡಿ ಕೆಟ್ಟೈತಿ, ಬಸ್ಸಿಗೆ ಹೋಗೂಣು" ಎಂದ. ಎಲ್ಲರೂ ಬೈದುಕೊಳ್ಳುತ್ತ ಇಳಿದರು. ಮೊಸರಿನ ಆಯಿಯೂ ಅಲ್ಲಿದ್ದಳು. "ಇವತ್ತರ ಲಗೂ ಮನಿ ಮುಟ್ಟತೇವಿ ಬಿಡು," ಎಂದಳು.

ಕೆಂಪು ಬಸ್ಸಿನಲ್ಲಿ ಮಾಮಾನನ್ನು ಒಳಬದಿಗೆ ಕೂರಿಸಿ ನಾನು ಎಡಗಡೆ ಕಿಟಕಿಗೆ ಕುಳಿತೆ. ಬಸ್ಸು ಧೂಳೆಬ್ಬಿಸಿ ಓಡಿತು. ಅವನು ಮುಂದಿನ ಸೀಟಿನ ಸರಳನ್ನು ಎರಡೂ ಕೈಯಿಂದ ಹಿಡಿದಿದ್ದ. ಹೊರ್ತಿಯ ಮೈಲಿಗಲ್ಲು ಹಿಂದೆ ಸರಿದಾಗ, "ಇಷ್ಟ ಹತ್ರ ಐತೇನು ನಮ್ಮೂರು!" ಎಂದು ಬೆರಗಾದ. ಆಮೇಲೆ ರೂಢಿಯಂತೆ, ನನ್ನ ಕಡೆ ತಿರುಗದೆಯೇ ಕೇಳಿದ.

"ಅಕ್ಕೋರ, ಎಡಕ್ಕ ಏನೈತಿ?"

ಹೊರಗೆ ಬನ್ನಿಗಿಡವಿತ್ತು, ಎಮ್ಮೆಗಳಿದ್ದವು. ಕಣ್ಣು ತುಂಬಿ ನನಗೂ ಯಾವುದೂ ಕಾಣಲಿಲ್ಲ.

"ನಾ ಅದೇನಿ, ಮಾಮಾ," ಎಂದೆ.

ಸರಳು ಹಿಡಿದಿದ್ದ ಅವನ ಎಡಗೈ ಸಡಿಲಾಗಿ, ತಡಕಾಡಿ, ನನ್ನ ಕೈಯನ್ನು ಹಿಡಿಯಿತು.