ಶ್ರುತಿಶುದ್ಧ ನಾಲ್ಕನೆಯ ವಾಲ್ವಿಗೆ ಕಿರುಬೆರಳಿನ ದೂರು

ಮಾನ್ಯ ನಾಲ್ಕನೆಯ ವಾಲ್ವಿನವರೇ,

ಮೂಸ್‌ಬಾಖ್ ಊರಿನ ಹಿತ್ತಾಳೆ ವಾದ್ಯವೃಂದದಲ್ಲಿ ಟ್ಯೂಬಾ ಎಂಬ ದೈತ್ಯ ತುತ್ತೂರಿ ಊದುವ ಆಲ್ಬಿನ್ ಎಂಬ ನಾನು, ತಮಗೆ ಎಣ್ಣೆ ಹಾಕಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಆ ಹೊಳಪಿನಲ್ಲಿ ನನ್ನದೇ ಸಪ್ಪೆ ಮುಖ ಕಂಡು, ಆನಂತರ ಸವಿನಯವಾಗಿ ಬರೆದುಕೊಳ್ಳುವ ದೂರು ಇದು.

ತಾವು ದಯಮಾಡಿಸುವ ಮುನ್ನ ನಮ್ಮ ಟ್ಯೂಬಾಕ್ಕೆ ಇದ್ದದ್ದು ಮೂರೇ ವಾಲ್ವು. ತೀರಾ ತಳದ ಸ್ವರ ಬೇಕೆಂದರೆ ಮೂರನ್ನೂ ಒಟ್ಟಿಗೆ ಒತ್ತಬೇಕು. ಒತ್ತಿದರೂ ಕೊಳವೆಯ ಉದ್ದ ಸಾಲದೆ ಸ್ವರ ಒಂಚೂರು ಮೇಲೆಯೇ ನಿಂತುಬಿಡುತ್ತಿತ್ತು. ನನಗಿಂತ ಮೊದಲು ಅದನ್ನು ಊದುತ್ತಿದ್ದ ಕ್ವಿರಿನ್, ಮೂವತ್ತು ವರ್ಷ ಆ ಏರುಸ್ವರವನ್ನೇ ಮದುವೆಗೂ ಮಸಣಕ್ಕೂ ಭೇದವಿಲ್ಲದೆ ಬಡಿಸಿದ. ವೃಂದ ನಡೆಸುವ ರೋಸ್ವಿಥಾ ಪ್ರತಿ ಸಲವೂ ಹಲ್ಲುನೋವು ಬಂದವಳಂತೆ ಮುಖ ಹಿಂಡುತ್ತಿದ್ದಳು. ಕೊನೆಗೆ ಊರವರು ಬೇಸಿಗೆಯಲ್ಲಿ ಬಿಯರ್ ಡೇರೆ ಹಾಕಿ, ಕುಡಿದು ಕುಡಿಸಿ, ಬಂದ ಹಣದಲ್ಲಿ ತಮ್ಮನ್ನು ತರಿಸಿದರು. ಕ್ವಿರಿನ್ ತಮ್ಮನ್ನು ಒಮ್ಮೆ ಒತ್ತಿ ನೋಡಿ, ಕಿರುಬೆರಳು ಇರುವುದು ಬಿಯರ್ ಲೋಟಕ್ಕೆ ಆನಿಕೆ ಕೊಡಲಿಕ್ಕೇ ಹೊರತು ಇಂಥ ಚಾಕರಿಗಲ್ಲ ಎಂದು ಟ್ಯೂಬಾವನ್ನು ನನ್ನ ಮಡಿಲಿಗಿಟ್ಟು ಹೋದ.

ಅಂದಿನಿಂದ ತಮ್ಮ ಸೇವೆಯೇ ನನ್ನ ಬಾಳು, ನೆಮ್ಮದಿಯೆಲ್ಲ ಹಾಳು. ಶ್ರುತಿ ಕೂಡಿಸಲು ತಮ್ಮ ಕೊಳವೆಯನ್ನು ಎರಡು ಬೆರಳಗಲ ಹೊರಗೆಳೆದರೆ ಒಂದು ಸ್ವರ ಒಲಿಯುತ್ತದೆ, ಪಕ್ಕದ್ದು ಮುನಿಯುತ್ತದೆ. ಚಳಿಗೆ ಹಿತ್ತಾಳೆ ತಣ್ಣಗಾದರೆ ಶ್ರುತಿ ಇಳಿಯುತ್ತದೆ, ಆಗ ಕೊಳವೆ ಒಳಗೆ. ಬಿಸಿಲೇರಿದರೆ ಶ್ರುತಿಯೂ ಏರುತ್ತದೆ, ಆಗ ಹೊರಗೆ. ದನದ ಕೊಟ್ಟಿಗೆಯಲ್ಲಿ ಕುಳಿತು ಅಭ್ಯಾಸ ಮಾಡಿದ ನನ್ನನ್ನು ಹಸುಗಳು ಸಹಿಸಿದವು, ಹೆಂಡತಿ ಸಹಿಸಲಿಲ್ಲ.

ಕಳೆದ ನವೆಂಬರಿನಲ್ಲಿ ಕ್ವಿರಿನ್ ತೀರಿಕೊಂಡ. ವಾದ್ಯದವರು ಸತ್ತರೆ ಶವಪೆಟ್ಟಿಗೆಯ ಮೇಲೆ ಅವರ ಟೋಪಿ ಇಟ್ಟು, ಪೆಟ್ಟಿಗೆಯನ್ನು ಕುಣಿಗೆ ಇಳಿಸುವಾಗ ಇಡೀ ವೃಂದ ಪ್ರಾರ್ಥನಾಗೀತೆ ನುಡಿಸುತ್ತದೆ. ಅದರ ಕಟ್ಟಕಡೆಯ ತಗ್ಗುಸ್ವರ ಟ್ಯೂಬಾದ್ದು. ಸ್ಮಶಾನದ ಗೇಟಿನಲ್ಲಿ ರೋಸ್ವಿಥಾ ನನ್ನ ತೋಳು ಹಿಡಿದು, "ಇವತ್ತಾದ್ರೂ ಆ ಸ್ವರ ಸರಿಯಾಗಿ ಬರ್ಲಿ ಕಣೋ ಆಲ್ಬಿನ್, ಕ್ವಿರಿನ್ನನ್ನ ಬೇಡಿ ಬೇಡಿ ನನ್ನ ತಲೆ ಬೆಳ್ಳಗಾಯ್ತು" ಅಂದಳು. ಗೆಳೆಯನ ಬೀಳ್ಕೊಡುಗೆ ನನ್ನ ಕಿರುಬೆರಳಿಗೆ ಬಂದು ನಿಂತಿತ್ತು. ಚಳಿಯ ಲೆಕ್ಕ ಹಿಡಿದು ತಮ್ಮನ್ನು ಕೂದಲೆಳೆಯಷ್ಟು ಒಳಗೆ ತಳ್ಳಿದೆ. ಸಮಯ ಬಂದಾಗ ಹಳೆಯ ಮೂರರ ಬದಲು ಎರಡನೆಯ ವಾಲ್ವಿನವರ ಜೊತೆ ತಮ್ಮನ್ನು ಒತ್ತಿದೆ. ಸ್ವರ ಬಂತು. ಎಂಥ ಸ್ವರ, ಸ್ವಾಮಿ! ಗೆರೆ ಕೊರೆದಂತೆ, ತಪ್ಪು ಹುಡುಕುವವರ ಬಾಯಿಗೆ ಬೀಗ ಜಡಿದಂತೆ.

ಮಣ್ಣು ಹಾಕಲು ಕೈ ಎತ್ತಿದ್ದ ಕ್ವಿರಿನ್ನನ ಹೆಂಡತಿ ನಾಟ್‌ಬುರ್ಗಾ ಹಾಗೇ ನಿಂತಳು.

"ಯಾರಪ್ಪ ಊದಿದ್ದು? ನಮ್ಮನೆಯೋರ ಸ್ವರ ಇದಲ್ಲ. ಅವರದು ಒಂಚೂರು ಮೇಲಿರ್ತಿತ್ತು."

ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಪಾದ್ರಿಗಳು ಕೂಡ, ತಮಗೂ ಏನೋ ಕೊರತೆ ಅನಿಸಿತೆಂದು ಗೊಣಗಿದರು. ನಾನು ರೋಸ್ವಿಥಾಳ ಮುಖ ನೋಡಿದೆ. ಅವಳು ಮತ್ತೆ ಕೋಲು ಎತ್ತಿ, ನನಗಷ್ಟೇ ಕೇಳುವಂತೆ, "ಮೂರೇ ಬೆರಳು" ಅಂದಳು.

ತಮ್ಮನ್ನು ಬಿಟ್ಟು ಮೂರೇ ಬೆರಳಲ್ಲಿ ಊದಿದೆ. ಸ್ವರ ಎಂದಿನಂತೆ ಮೇಲೆ ನಿಂತಿತು, ರೋಸ್ವಿಥಾ ಎಂದಿನಂತೆ ಮುಖ ಹಿಂಡಿದಳು. ಆ ಸಲ ಹಲ್ಲುನೋವಿನಿಂದಲ್ಲ. ನಾಟ್‌ಬುರ್ಗಾ ಮಣ್ಣು ಬಿಟ್ಟಳು.

ಆದ್ದರಿಂದ ತಮ್ಮಲ್ಲಿ ಅರಿಕೆ: ಕ್ವಿರಿನ್ನನ ಅಳತೆಗೆ ಸರಿಯಾಗಿ ತಪ್ಪುವ ಐದನೆಯ ವಾಲ್ವೊಂದನ್ನು ತಮ್ಮ ಬಂಧುಬಳಗದಿಂದ ಕಳಿಸಿಕೊಡಬೇಕು. ಅದು ಬರುವವರೆಗೆ ತಾವು ಭಾನುವಾರಗಳಲ್ಲಿ ಯಥಾಪ್ರಕಾರ ಶುದ್ಧರಾಗಿರಬಹುದು; ಅವನ ವರ್ಷದ ಪ್ರಾರ್ಥನೆಯ ದಿನ ಮಾತ್ರ ತಮಗೆ ಕಡ್ಡಾಯ ರಜೆ.

ತಮ್ಮ ವಿಶ್ವಾಸಿ,
ಆಲ್ಬಿನ್

ತಾ.ಕ.: ಮಣ್ಣು ಮುಗಿಸಿ ಹೋಟೆಲಿನಲ್ಲಿ ಸಾರು, ಮಾಂಸ ಉಣ್ಣುವ ಮುನ್ನ ತಮ್ಮ ಕೊಳವೆ ಬಿಚ್ಚಿದೆ, ಬೊಗಸೆ ನೀರು ಸುರಿಯಿತು. ಅಂದು ತಾವೂ ಅತ್ತಿರೆಂದು ಊರಲ್ಲಿ ಹೇಳಿಕೊಂಡು ತಿರುಗುವುದು ಬೇಡ. ಅದು ನನ್ನ ಉಗುಳು.