ಸಾಹೇಬರ ಪೂರ್ವಜರೂ ನನ್ನ ಫ್ಯಾಮಿಲಿ ವೀಸಾವೂ

ಸ್ವಂತ ಪೂರ್ವಜರಿಂದ ಮನುಷ್ಯನಿಗೆ ಹೇಳಿಕೊಳ್ಳುವಂಥ ಕಾಟವಿಲ್ಲ. ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ನಿಂತರೆ ಅವರು ತೃಪ್ತರಾಗಿ ಹೋಗುತ್ತಾರೆ. ಪ್ರಾಣ ಹಿಂಡುವವರು ಮೇಲಧಿಕಾರಿಯ ಪೂರ್ವಜರು. ಈ ಗಹನವಾದ ಸತ್ಯ ನನಗೆ ಗೋಚರವಾದದ್ದು ತೊಂಬತ್ತರ ದಶಕದಲ್ಲಿ, ದೋಹಾದ ಒಂದು ಕಂಪನಿಯಲ್ಲಿ ಸೆಕ್ರೆಟರಿಯಾಗಿದ್ದಾಗ. ನನ್ನ ಮೇಲಧಿಕಾರಿ ಲಾವಾಲೆ ಸಾಹೇಬರು ಕೆನಡಾದವರು. ಬರೀ ಕೆನಡಾದವರು ಎಂದರೆ ಅವರಿಗೆ ಸಮಾಧಾನವಿಲ್ಲ, ಫ್ರೆಂಚ್ ಕೆನಡಾದವರು ಎನ್ನಬೇಕು. ಆ ವರ್ಷದ ಬೇಸಿಗೆ ರಜೆಯಲ್ಲಿ ಲಾವಾಲೆಗಳೆಲ್ಲ ಊರಲ್ಲಿ ಒಟ್ಟು ಸೇರುವುದೆಂದೂ, ಸಭೆಯ ಗೋಡೆಗೆ ತೂಗುಹಾಕುವ ವಂಶವೃಕ್ಷವನ್ನು ತಾವೇ ತರುವುದೆಂದೂ ಅವರು ಮಾತು ಕೊಟ್ಟುಬಿಟ್ಟಿದ್ದರು.

ಮಾತು ಕೊಟ್ಟವರು ಅವರು, ಬೇರು ಅಗೆಯುವವನು ನಾನು. ಊರಿನಿಂದ ಅವರ ತಂಗಿ ಇಗರ್ಜಿಯ ಜನನ, ಮದುವೆ, ಮರಣದ ದಾಖಲೆಗಳನ್ನೂ ನೋಟರಿಗಳು ಬರೆದ ಪತ್ರಗಳನ್ನೂ ಜೆರಾಕ್ಸ್ ಮಾಡಿಸಿ, ಅಂಚಿನಲ್ಲಿ ಇಂಗ್ಲಿಷಿನ ಸಾರಾಂಶ ಗೀಚಿ, ಕಟ್ಟುಕಟ್ಟಾಗಿ ಕಳಿಸುತ್ತಿದ್ದಳು. ಶುಕ್ರವಾರ ಬಂತೆಂದರೆ ನಾನು ಮದೀನತ್ ಖಲೀಫಾದ ಸಾಹೇಬರ ವಿಲ್ಲಾದಲ್ಲಿ ಊಟದ ಮೇಜಿನ ತುಂಬ ಸತ್ತವರನ್ನು ಹರಡಿಕೊಂಡು ಕೂರುತ್ತಿದ್ದೆ. ಪಾದ್ರಿಗಳ ಅಕ್ಷರವೋ, ಹಿಮದಲ್ಲಿ ಬೆರಳು ಮರಗಟ್ಟಿದಾಗ ಬರೆದದ್ದು. ಸಾಲದ್ದಕ್ಕೆ ಒಬ್ಬೊಬ್ಬನಿಗೂ ಎರಡೆರಡು ಮನೆಹೆಸರು. ಸೈನ್ಯದಲ್ಲಿ ಬಿದ್ದ ಅಡ್ಡಹೆಸರನ್ನು ಮೊಮ್ಮಕ್ಕಳು ಅಸಲಿ ಹೆಸರಿನಂತೆ ಇಟ್ಟುಕೊಂಡಿರುತ್ತಿದ್ದರು. ನೋಟರಿಗಳು ಮಾತ್ರ ನನಗೆ ಹಿಡಿಸಿದರು. ಒಬ್ಬ ಮುದುಕ ಮಗನಿಗೆ ಜಮೀನು ಬರೆದುಕೊಡುವಾಗ ಹಾಕಿದ ಷರತ್ತು ನೋಡಿ: ಬದುಕಿರುವವರೆಗೆ ತಂಬಾಕು, ಒಲೆಗೆ ಸೌದೆ, ಭಾನುವಾರ ಇಗರ್ಜಿಗೆ ಹೋಗಲು ಗಾಡಿ. ಮಗನನ್ನು ಇಷ್ಟು ಸರಿಯಾಗಿ ಅರ್ಥಮಾಡಿಕೊಂಡ ತಂದೆಯನ್ನು ನಾನು ನಮ್ಮೂರಲ್ಲೂ ಕಂಡಿಲ್ಲ.

ಇಷ್ಟೆಲ್ಲ ಸೇವೆ ಭಕ್ತಿಯಿಂದ ಮಾಡಿದ್ದಲ್ಲ. ಹೆಂಡತಿ ಸುಲೋಚನಾಳನ್ನೂ ಮಗಳನ್ನೂ ದೋಹಾಕ್ಕೆ ಕರೆಸಿಕೊಳ್ಳಬೇಕಿತ್ತು. ಫ್ಯಾಮಿಲಿ ವೀಸಾಕ್ಕೆ ಕಂಪನಿಯ ಪತ್ರ ಬೇಕು, ಪತ್ರಕ್ಕೆ ಸಾಹೇಬರ ಸಹಿ ಬೇಕು, ಮಗಳಿಗೆ ಶಾಲೆ ಶುರುವಾಗುವುದರೊಳಗೆ ಬೇಕು. ಪತ್ರವನ್ನು ನಾನೇ ಟೈಪ್ ಮಾಡಿ ಅವರ ಮುಂದಿಟ್ಟಾಗಲೆಲ್ಲ, ಮೊದಲು ವಂಶವೃಕ್ಷ ಮುಗಿಯಲಿ, ಆಮೇಲೆ ಕೂತು ಎಲ್ಲದಕ್ಕೂ ಸಹಿ ಹಾಕೋಣ ಎನ್ನುತ್ತಿದ್ದರು. ವೀಸಾದ ಕಾಗದ ಹಿಡಿದು ಸರ್ಕಾರಿ ಕಚೇರಿ ಸುತ್ತುವ ಕೆಲಸ ನಮ್ಮ ಕಂಪನಿಯ ಹಂಝಾಕನದು. ಉಳ್ಳಾಲದ ಕಡೆಯ ಬ್ಯಾರಿ. ಬಾಯಿ ಜೋರು, ಮನಸ್ಸು ಒಳ್ಳೆಯದು. ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು ವಿಚಾರಿಸುವುದು ಅವನ ನಿತ್ಯವಿಧಿ.

"ಎಂಥ ಶೆಟ್ರೆ, ಸಾಹೇಬರ ಸತ್ತವರೆಲ್ಲ ಬಂದು ಮುಗಿದರಾ? ನಿಮ್ಮ ಬದುಕಿದವರ ಪಾಳಿ ಯಾವಾಗ ಮಾರಾಯ್ರೆ?"

ಸಾಹೇಬರು ಹೊರಡುವ ವಾರ ವೃಕ್ಷ ಮುಗಿಯಿತು. ಅದನ್ನು ಬರೆಯುವಾಗ ನನಗೊಂದು ಅನುಕೂಲ ಸಿಕ್ಕಿತ್ತು. ಆ ಪಾದ್ರಿಗಳು ಹೆಂಗಸರನ್ನು ಮದುವೆಯಾದ ಮೇಲೂ, ಹೂಳುವ ದಿನವೂ, ತವರಿನ ಹೆಸರಿನಿಂದಲೇ ಬರೆಯುತ್ತಾರೆ. ನಾನು ತುಳುನಾಡಿನ ಬಂಟ. ನಮ್ಮಲ್ಲಿ ಬಳಿ, ಅಂದರೆ ಕುಲದ ಕವಲು, ಬರುವುದು ತಾಯಿಯಿಂದ; ಅಪ್ಪ ಗೌರವಾನ್ವಿತರು, ಆದರೆ ಬೇರೆ ಬಳಿಯವರು. ದೂರದ ಹಿಮದಲ್ಲಿ ನಮ್ಮವರೇ ಸಿಕ್ಕಂತಾಗಿ ಕಣ್ಣು ತುಂಬಿ ಬಂತು. ಸಾಹೇಬರಿಂದ ಅವರ ತಾಯಿಗೆ, ತಾಯಿಯಿಂದ ತಾಯಿಯ ತಾಯಿಗೆ, ಎಲ್ಲಿಯೂ ಕೊಂಡಿ ಕಳಚದಂತೆ ಹತ್ತಿ, ಫ್ರಾನ್ಸಿನಿಂದ ಹಡಗಿನಲ್ಲಿ ಬಂದ ಒಬ್ಬ ಅನಾಥ ಹುಡುಗಿಯವರೆಗೆ ಮುಟ್ಟಿಸಿದೆ. ಗಂಡಸರನ್ನೂ ಬಿಡಲಿಲ್ಲ, ಅಲ್ಲಲ್ಲಿ ಕಂಸದೊಳಗೆ ಕೂರಿಸಿದೆ. ಇನ್ಯಾವುದಾದರೂ ರೀತಿಯಲ್ಲಿ ವಂಶ ಬರೆಯಬಹುದೆಂದು ನನಗೆ, ದೇವರಾಣೆ, ಹೊಳೆಯಲೇ ಇಲ್ಲ.

ಸಾಹೇಬರು ಹಾಳೆ ಬಿಡಿಸಿದರು. ಕೆಳಗಿನಿಂದ ಮೇಲಕ್ಕೆ ನೋಡಿದರು, ಮೇಲಿನಿಂದ ಕೆಳಕ್ಕೆ ನೋಡಿದರು. ಕೊನೆಗೆ, ಲಾವಾಲೆಗಳು ಎಲ್ಲಿ ಎಂದು ಕೇಳಿದರು. ತಾವಿದ್ದೀರಿ, ತಮ್ಮ ತಂದೆಯವರು ಇಗೋ ಈ ಕಂಸದಲ್ಲಿದ್ದಾರೆ ಎಂದು ತೋರಿಸಿದೆ. ಲಾವಾಲೆಗಳ ಸಭೆಗೆ ಲಾವಾಲೆಗಳಿಲ್ಲದ ವೃಕ್ಷ ಹೊತ್ತು ಹೋಗುವುದು ಹೇಗೆ ಎಂಬ ಅವರ ದುಃಖ ಆಗಲೇ ನನಗೆ ತಿಳಿಯಬೇಕಿತ್ತು. ತಪ್ಪಾಯಿತು ಎಂದು ತಲೆ ಬಾಗಿಸಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ನನಗೆ ಆ ಗಳಿಗೆಯಲ್ಲಿ ಕುಲಾಭಿಮಾನ ಉಕ್ಕಿಬಿಟ್ಟಿತು. ಅಳಿಯಸಂತಾನವೆಂದರೇನು, ಬಳಿ ಎಂದರೇನು, ಗಂಡಸಿನ ಆಸ್ತಿ ಹಿಂದೆ ಸೋದರಳಿಯನಿಗೆ ಏಕೆ ಹೋಗುತ್ತಿತ್ತು ಎಂಬುದನ್ನೆಲ್ಲ ಭಾಷಣದಂತೆ ವಿವರಿಸಿದೆ. ಉದಾಹರಣೆ ಇದ್ದರೆ ಚೆನ್ನಾಗಿ ಮನದಟ್ಟಾದೀತೆಂದು ನನ್ನನ್ನೇ ಕೊಟ್ಟುಕೊಂಡೆ: ನನ್ನ ಹೆಂಡತಿ ಮತ್ತು ಮಗಳು ನನ್ನ ಬಳಿಯವರಲ್ಲ, ಅವರು ಅತ್ತೆಯ ಮನೆತನಕ್ಕೆ ಸೇರಿದವರು, ನನ್ನವರು ಎಂದರೆ ನನ್ನ ಅಕ್ಕ ಮತ್ತು ಅವಳ ಮಕ್ಕಳು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಫೈಲಿನಿಂದ ನನ್ನ ವೀಸಾ ಪತ್ರವನ್ನು ಮೆಲ್ಲಗೆ ಎಳೆದು ಓದಿದರು.

"ಹಾಗಾದರೆ ಶೆಟ್ಟಿ, ಇದರಲ್ಲಿ ನಿಮ್ಮವರು ಅಂತ ಬರೆದಿರುವ ಈ ಇಬ್ಬರು ಯಾರು?"

ತಮಾಷೆಗೆ ಕೇಳಿದರೋ ಸೇಡಿಗೆ ಕೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ. ರಜೆಯಿಂದ ಬಂದ ಮೇಲೆ ಇದನ್ನು ವಿವರವಾಗಿ ಪರಿಶೀಲಿಸೋಣ ಎಂದು ಅವರು ಪತ್ರವನ್ನು ಫೈಲಿಗೆ ಸೇರಿಸಿದರು. ಮಾರನೆಯ ದಿನ ವಿಮಾನ ಹತ್ತಿದರು. ಹಂಝಾಕ ಸುದ್ದಿ ಕೇಳಿ ನನ್ನ ಭುಜ ತಟ್ಟಿ, ಖಲಾಸ್ ಶೆಟ್ರೆ, ನಿಮಗೆ ನಾಲಿಗೆ ಕೊಟ್ಟ ದೇವರು ಬ್ರೇಕ್ ಕೊಡಲಿಲ್ಲ ಎಂದ.

ಆ ಶುಕ್ರವಾರ ಊರಿಗೆ ಫೋನ್ ಮಾಡಿ, ಸ್ವಲ್ಪ ತಡವಾಗುತ್ತದೆ ಎಂದಷ್ಟೇ ಸುಲೋಚನಾಳಿಗೆ ಹೇಳಿದೆ. ಅವಳು ಅಳಲಿಲ್ಲ, ಅತ್ತಿದ್ದರೆ ಒಳ್ಳೆಯದಿತ್ತು. ನಿಮ್ಮನ್ನು ನಂಬಿ ಕೂತರೆ ಆಗಲಿಕ್ಕಿಲ್ಲ ಅಂತ ಮಗುವನ್ನು ಮೊನ್ನೆಯೇ ಇಲ್ಲಿನ ಶಾಲೆಗೆ ಸೇರಿಸಿ ಆಯಿತು, ಅಣ್ಣ ಹೋಗಿ ಪೋಷಕರ ಸಹಿ ಹಾಕಿ ಬಂದ ಎಂದಳು. ಹಿಂದಿನಿಂದ ಅತ್ತೆಯ ಧ್ವನಿ ಕೇಳಿಸಿತು.

"ಅವರಿಗೆ ಬೇಜಾರು ಮಾಡಬೇಡಿ ಅಂತ ಹೇಳು ಮಗಾ. ಅವರೇ ಇಲ್ಲಿಗೆ ಬರಲಿ. ನಮ್ಮ ಮನೆಗೆ ಬರಲಿಕ್ಕೆ ವೀಸಾ ಬೇಡ."

ಫೋನ್ ಇಟ್ಟ ಮೇಲೆ ಲೆಕ್ಕ ಹಾಕಿದೆ. ಮಗಳು ತಾಯಿಯ ಮನೆಯಲ್ಲಿದ್ದಾಳೆ, ಜವಾಬ್ದಾರಿ ಸೋದರಮಾವ ಹೊತ್ತಿದ್ದಾನೆ, ಅಪ್ಪ ಎಲ್ಲೋ ಹೊರಗಿದ್ದಾನೆ. ನಾನು ಸಾಹೇಬರಿಗೆ ಬೋಧಿಸಿದ ಸಿದ್ಧಾಂತದಲ್ಲಿ ಒಂದು ಚೂರೂ ತಪ್ಪಿರಲಿಲ್ಲ. ಜೀವಮಾನದಲ್ಲಿ ಇಷ್ಟು ಸಂಪೂರ್ಣವಾಗಿ ಸರಿಯಾಗಿದ್ದವನು ಇಷ್ಟು ಹೊತ್ತು ಗೋಡೆ ನೋಡುತ್ತ ಕುಳಿತದ್ದು ಬಹುಶಃ ನಾನೊಬ್ಬನೇ ಇರಬೇಕು.