ಮಾವನ ಪಿತ್ತ

ಎಪ್ಪತ್ತರ ದಶಕ ಮುಗಿಯುವವರೆಗೂ ಶ್ರೀನಿವಾಸಪುರದ ನಮ್ಮ ಅಜ್ಜಿಮನೆಯ ಬೀದಿಯಲ್ಲಿ ಯಾರೂ ಅಲಾರಂ ಗಡಿಯಾರ ಕೊಳ್ಳಲಿಲ್ಲ. ಇದಕ್ಕೆ ನನ್ನ ಸೋದರಮಾವನೊಬ್ಬನೇ ಕಾರಣ ಎಂದರೆ ನೀವು ನಗುತ್ತೀರಿ. ನಗಿ, ಆದರೆ ಪೂರ್ತಿ ಕೇಳಿ.

ಬೆಳಕು ಹರಿಯುತ್ತಿದ್ದಂತೆ ಮಾವ ಹಿತ್ತಲಿನ ಬಚ್ಚಲುಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿ, ಅದನ್ನೇ ಎರಡಾಗಿ ಸೀಳಿ ನಾಲಿಗೆ ಹೆರೆದು, ಕೊನೆಗೆ ಎರಡು ಬೆರಳನ್ನು ಗಂಟಲಿಗೆ ಇಳಿಬಿಟ್ಟು 'ವ್ಯಾಆಆಕ್' ಎನ್ನುತ್ತಿದ್ದ. ಪಿತ್ತ ತೆಗೆಯುವುದು ಎಂದರೆ ಇದೇ. ನಮ್ಮ ಕಡೆ ಬಹಳ ಗಂಡಸರಿಗೆ ಈ ಅಭ್ಯಾಸವಿತ್ತು, ನಿಜ. ಆದರೆ ಉಳಿದವರದು ಬರೀ ಸಂಗೀತ ಪಾಠ, ಮಾವನದು ಕಚೇರಿ! ಆ ಶಬ್ದಕ್ಕೆ ಎದುರುಮನೆಯವರು ಒಲೆ ಹಚ್ಚುತ್ತಿದ್ದರು, ಪಕ್ಕದ ಮನೆಯ ಎಮ್ಮೆ ಹಾಲು ಇಳಿಸುತ್ತಿತ್ತು. ಕೋಲಾರದ ಕಾನ್ವೆಂಟಿನಿಂದ ರಜಕ್ಕೆ ಬರುತ್ತಿದ್ದ ನಾನು ದಿಂಬಿನಲ್ಲಿ ಕಿವಿ ಮುಚ್ಚಿಕೊಂಡು 'ಡಿಸ್‌ಗಸ್ಟಿಂಗ್' ಎನ್ನುತ್ತಿದ್ದೆ. ನಮ್ಮ ಸಿಸ್ಟರುಗಳು ಕೆಮ್ಮುವುದಕ್ಕೂ 'ಎಕ್ಸ್‌ಕ್ಯೂಸ್ ಮಿ' ಕಲಿಸಿದ್ದರಲ್ಲ!

ಒಮ್ಮೆ ಮಾವನ ಮಗಳನ್ನು ನೋಡಲು ಮುಳಬಾಗಿಲಿನಿಂದ ಬಂದವರು ಕೊನೆಯ ಬಸ್ಸು ತಪ್ಪಿ ನಮ್ಮಲ್ಲೇ ಉಳಿದರು. ಬೆಳಿಗ್ಗೆ ಕಚೇರಿ ಶುರುವಾಯಿತು. ಹುಡುಗನ ತಂದೆ, ಮನೆಯ ಯಜಮಾನನಿಗೆ ಕೊನೆಗಾಲ ಬಂತೆಂದು ಚೊಂಬಿನಲ್ಲಿ ನೀರು ಹಿಡಿದು ಹಿತ್ತಲಿಗೆ ಓಡಿದರು. ಮಾವ ಬಾಯಿ ಒರೆಸಿಕೊಂಡು, "ಕಾಫಿ ಆಯ್ತಾ ಬೀಗರೇ?" ಎಂದ. ಸಂಬಂಧ ಮುರಿಯಿತು ಅಂದುಕೊಂಡಿರಾ? ಹೊಟ್ಟೆಯಲ್ಲಿರುವುದನ್ನೆಲ್ಲ ಹೀಗೆ ಹೊರಗೆ ಹಾಕುವವರ ಮನೆಯಲ್ಲಿ ಮುಚ್ಚುಮರೆ ಇರುವುದಿಲ್ಲವೆಂದು ಅವರು ಅಂದೇ ತಾಂಬೂಲ ಬದಲಾಯಿಸಿಕೊಂಡರು.

ತನ್ನ ಪಿತ್ತವಷ್ಟೇ ಆಗಿದ್ದರೆ ಸರಿ, ಮಾವನಿಗೆ ಊರವರ ಪಿತ್ತವೂ ಬೇಕಿತ್ತು. ಕೋಲಾರದ ಬಸ್ಸಿನಲ್ಲಿ ಯಾರಾದರೂ ಕಿಟಕಿಗೆ ತಲೆ ಹಾಕಿದರೆ ಇವನೂ ಪಕ್ಕದಲ್ಲಿ ಇಣುಕಿ ಬಣ್ಣ ನೋಡುತ್ತಿದ್ದ. ಹಳದಿಯಾದರೆ ಬೆಳಿಗ್ಗೆ ಏನೂ ತಿಂದಿಲ್ಲ, ಹೊಟ್ಟೆ ಖಾಲಿ, ಅದಕ್ಕೇ ಬರೀ ಪಿತ್ತ ಬಂತೆಂದು ತೀರ್ಪು ಕೊಟ್ಟು ಜೇಬಿನಿಂದ ನಿಂಬೆಹಣ್ಣು ತೆಗೆಯುತ್ತಿದ್ದ. ಹೆಂಡದಂಗಡಿಯಿಂದ ಬಂದವನಾದರೆ ನಿಂಬೆಹಣ್ಣಿನ ಜೊತೆಗೆ ಬೈಗುಳ ಉಚಿತ. ಮದುವೆಮನೆಯ ಹಳಸಿದ ಸಾರು ಕುಡಿದವನಾದರೆ ಸಾರಿನ ಪೂರ್ತಿ ವಿಚಾರಣೆ. ಕೊನೆಕೊನೆಗೆ ಮುಖ ಬಾಡಿದ ಪ್ರಯಾಣಿಕರು ಹತ್ತಿದರೆ ಕಂಡಕ್ಟರೇ ಮಾವನ ಪಕ್ಕ ಕೂರಿಸುತ್ತಿದ್ದ.

ನನ್ನನ್ನಂತೂ ಬಿಡಲಿಲ್ಲ. ಅರ್ಧ ತಲೆ ಸಿಡಿದು ವಾಂತಿಯಾಗಿ, ಹೊಟ್ಟೆಯಲ್ಲಿ ಏನೂ ಉಳಿಯದೆ ಹಳದಿ ನೀರು ಬರುತ್ತಿದ್ದ ಕಾಲ ಅದು. ಕಾನ್ವೆಂಟಿನ ಡಾಕ್ಟರು ಮೈಗ್ರೇನ್ ಅಂದಿದ್ದಾರೆ ಎಂದರೆ ಮಾವ ಕೇಳಬೇಕಲ್ಲ!

"ಅದು ಪಿತ್ತಕ್ಕೇ ಇಂಗ್ಲಿಷ್ ಹೆಸರು ಕಣೇ ಕಾನ್ವೆಂಟಮ್ಮ. ಬಂದಿದ್ದು ಬರ್ಲಿ. ಪಿತ್ತ ಹೊರಗೆ ಬಂದ್ರೆ ಒಳ್ಳೇದು."

ಈ ಕೊನೆಯ ವಾಕ್ಯವೇ ಮಾವನ ವೇದ. ಕೇಳಿ ಕೇಳಿ ಅತ್ತೆಗೆ ಬಾಯಿಪಾಠವಾಗಿತ್ತು.

ಅದೊಂದು ಮಾವಿನ ಸುಗ್ಗಿ. ಅಂಗಳದಲ್ಲಿ ಕಾಯಿ ತುಂಬಿದ ಲಾರಿ ಮಂಡಿಗೆ ಹೊರಡಲು ನಿಂತಿತ್ತು. ಬೆಳಿಗ್ಗೆಯಿಂದ ಅತ್ತೆಗೆ ವಾಂತಿ. ಮೊದಲು ತಿಂದಿದ್ದು ಬಂತು, ಆಮೇಲೆ ಹಳದಿ. ನಾವು ಜೀರಿಗೆ ಕಷಾಯ ಕೊಟ್ಟೆವು, ಅದೂ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಡುಹಸಿರು. ಹೊಟ್ಟೆ ಉಬ್ಬಿ ತಮಟೆಯ ಹಾಗೆ ಬಿಗಿದಿತ್ತು. ಹೊಟ್ಟೆ ಹಿಂಡುವ ನೋವು ಅಲೆಯಲೆಯಾಗಿ ಬರುತ್ತಿತ್ತು, ಹಿಂದಿನ ದಿನದಿಂದ ಗಾಳಿ ಕೂಡ ಹೋಗಿರಲಿಲ್ಲ. ಆಸ್ಪತ್ರೆ ಎಂದರೆ ಅತ್ತೆ ಕೇಳಲೊಲ್ಲಳು.

"ಚಾಲು, ಊರುಕೋಂಡಿ," ಎಂದು ತನ್ನ ತವರಿನ ತೆಲುಗಿನಲ್ಲೇ ಎಲ್ಲರ ಬಾಯಿ ಮುಚ್ಚಿಸಿ, ಮಾವನ ಕಡೆ ತಿರುಗಿದಳು. "ಪಿತ್ತ ಹೊರಗೆ ಬಂದ್ರೆ ಒಳ್ಳೇದು ಅಂತ ನೀವೇ ಅಲ್ವೇನ್ರೀ ಹೇಳೋದು?"

ಮಾವ ಅತ್ತೆ ಕಕ್ಕಿದ ಬೋಸಿಯೊಳಗೆ ನೋಡಿದ. ಊರವರದೆಲ್ಲ ನೋಡಿದ ಕಣ್ಣು ಅದು. ಇಂಥ ಹಸಿರನ್ನು ಎಲ್ಲೂ ಕಂಡಿರಲಿಲ್ಲ.

"ನಾನು ಹೇಳಿದ್ದೆಲ್ಲಾ ಸುಳ್ಳು ಕಣೇ," ಎಂದ. "ಏಳು."

ಜೀವಮಾನದ ವೇದವನ್ನು ಒಂದೇ ಮಾತಿನಲ್ಲಿ ಬಚ್ಚಲಿಗೆ ಸುರಿದು, ಅತ್ತೆಯನ್ನು ಎತ್ತಿ ಲಾರಿಯ ಮುಂದಿನ ಸೀಟಿನಲ್ಲಿ ಮಲಗಿಸಿದ. ಕಾಯಿ ಇಳಿಸುವಷ್ಟೂ ತಾಳ್ಮೆಯಿಲ್ಲ. ಮಾವಿನಕಾಯಿಯ ಜೊತೆಗೇ ಕೋಲಾರದ ಆಸ್ಪತ್ರೆ ಸೇರಿದೆವು. ನಾನು ಕಾಯಿಗಳ ಮೇಲೆ ಕೂತು ದಾರಿಯುದ್ದಕ್ಕೂ ಕಾನ್ವೆಂಟಿನ 'ಹೇಲ್ ಮೇರಿ' ಪ್ರಾರ್ಥನೆ ಹೇಳುತ್ತಿದ್ದೆ. ಮಾವ ಒಂದು ಸಲವೂ ನಿಂಬೆಹಣ್ಣು ತೆಗೆಯಲಿಲ್ಲ.

ಅಂದೇ ಆಪರೇಷನ್ ಆಯಿತು. ಯಾವುದೋ ಕಾಲದ ಅಪೆಂಡಿಕ್ಸ್ ಆಪರೇಷನ್ನಿನ ಜಾಗದಲ್ಲಿ ಕರುಳು ಅಂಟಿಕೊಂಡು ತಿರುಚಿತ್ತಂತೆ. ಕೆಳಗೆ ದಾರಿ ಮುಚ್ಚಿದ್ದರಿಂದ ಪಿತ್ತ ಮೇಲಕ್ಕೆ ಬಂದಿದೆ, ನಾಳೆಗೆ ಬಿಟ್ಟಿದ್ದರೆ ಕರುಳು ಕೊಳೆಯುತ್ತಿತ್ತು ಎಂದರು ಡಾಕ್ಟರು. ವಾಂತಿ ಹಸಿರಾಗಿ ಹೊಟ್ಟೆ ಬಿಗಿದರೆ, ರಕ್ತ ಕಂಡರೆ, ಗುಟುಕು ನೀರೂ ನಿಲ್ಲದಿದ್ದರೆ, ಉಚ್ಚೆ ಕಟ್ಟಿದರೆ, ಹಸುಗೂಸು ಹಸಿರು ಕಕ್ಕಿದರೆ ಕಷಾಯ ಕಾಯಿಸುತ್ತಾ ಕೂರಬೇಡಿ, ತಕ್ಷಣ ಬನ್ನಿ ಎಂದು ಗದರಿದರು. ಬೆರಳು ಹಾಕಿ ಕಕ್ಕುವ ಅಭ್ಯಾಸಕ್ಕೂ ಬೈಗುಳ ಬಿತ್ತು. ಅದರಿಂದ ಗಂಟಲು ಹುಣ್ಣಾಗುವುದೇ ಲಾಭವಂತೆ. ಸಂಜೆಯೊಳಗೆ ಮಾವ ಇಡೀ ವೆರಾಂಡಕ್ಕೆ ಈ ಹೊಸ ವೇದ ಒಪ್ಪಿಸುತ್ತಿದ್ದ. ಮೂಳೆ ಮುರಿದು ಬಂದವರಿಗೂ!

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಮಾವ ಸದ್ದಿಲ್ಲದೆ ಬಾಯಿ ಮುಕ್ಕಳಿಸಿದ. ನನ್ನ ಮ್ಯಾನರ್ಸ್ ಕೊನೆಗೂ ಗೆದ್ದಿತು ಅಂದುಕೊಂಡೆ. ಅಷ್ಟರಲ್ಲಿ ವಾರ್ಡಿನ ನರ್ಸಮ್ಮ ಓಡಿಬಂದರು. ನಿಮ್ಮ ಅತ್ತೆ ಎದ್ದಾಗಿನಿಂದ ಅಳುತ್ತಿದ್ದಾರೆ, ಯಜಮಾನರಿಗೆ ಏನೋ ಆಗಿದೆ, ನನ್ನಿಂದ ಮುಚ್ಚಿಡುತ್ತಿದ್ದೀರಿ ಅಂತಾರೆ, ಹೊಲಿಗೆ ಬಿಟ್ಟೀತು ಎಂದರು. ಬೆಳಕು ಹರಿದರೂ ಆ ಶಬ್ದ ಕೇಳಲಿಲ್ಲವಲ್ಲ!

ಗಂಡಸರನ್ನು ಆ ಹೊತ್ತಿಗೆ ವಾರ್ಡಿಗೆ ಬಿಡುವುದಿಲ್ಲ. ಮಾವ ವಾರ್ಡಿನ ಕಿಟಕಿಯ ಕೆಳಗೆ ಹೋಗಿ ನಿಂತ. ಈ ಸಲ ಬೆರಳಿಲ್ಲ, ಕಡ್ಡಿಯಿಲ್ಲ. ಬರೀ ಗಂಟಲಿನಿಂದ, ಶ್ರೀನಿವಾಸಪುರಕ್ಕೇ ಕೇಳುವ ಹಾಗೆ, 'ವ್ಯಾಆಆಕ್' ಎಂದ.

ಒಳಗಿನಿಂದ ಅತ್ತೆಯ ನಗು, ನಡುನಡುವೆ ಹೊಲಿಗೆ ನೋಯುವ 'ಅಮ್ಮಾ'.

ನಾನು ಮಾವನ ಮುಖ ನೋಡಿದೆ. ಕೆನ್ನೆಯೆಲ್ಲ ಒದ್ದೆ.

"ಏನ್ ನೋಡ್ತೀಯೆ?" ಎಂದ ಪಂಚೆಯ ತುದಿಯಿಂದ ಒರೆಸಿಕೊಳ್ಳುತ್ತಾ. "ಕಕ್ಕಿದ್ರೆ ಕಣ್ಣಲ್ಲಿ ನೀರು ಬರುತ್ತೆ ಕಣೇ. ಅದು ಪಿತ್ತ."